ಬೂಟಿಗೆ ಉಡಿ ತುಂಬಿದ್ದು

ಸೈನ್ಯದ ತರಬೇತಿಗೆ ಹೊರಡುವವರು ಏನೇನು ಸಿದ್ಧತೆ ಮಾಡಿಕೊಳ್ಳಬೇಕು ಎಂಬುದರ ಬಗ್ಗೆ ನಾನು ಅಧಿಕಾರವಾಣಿಯಿಂದ ಮಾತನಾಡಬಲ್ಲೆ. ನಾನು ಸೈನ್ಯದಲ್ಲಿರಲಿಲ್ಲ, ನಿಜ. ಗಂಗಾವತಿಯ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಕುರ್ಚಿ ಸವೆಸುತ್ತಲೇ ಐವತ್ತು ದಾಟಿದವನು. ಆದರೆ ಮಗಳು ರೇಣುಕಾ ಆಯ್ಕೆಯಾದ ದಿನದಿಂದ ಮೊಬೈಲಿನಲ್ಲಿ ಈ ವಿಷಯದ ಒಂದು ವಿಡಿಯೋವನ್ನೂ ಬಿಟ್ಟಿಲ್ಲ. ನಸುಕಿನಲ್ಲಿ ಏಳಬೇಕು. ಕೊಟ್ಟಿದ್ದನ್ನು ಉಣ್ಣಬೇಕು. ಕಿತ್ತ ಗುಂಡಿಯನ್ನು ತಾನೇ ಹೊಲಿದುಕೊಳ್ಳಬೇಕು. ಇವೆಲ್ಲವನ್ನೂ ರೇಣುಕಾ ಆಗಲೇ ಕಲಿತುಬಿಟ್ಟಿದ್ದಳು. ಹೀಗಾಗಿ ಚಿಂತೆ ಮಾಡಲು ನನ್ನ ಪಾಲಿಗೆ ಉಳಿದದ್ದು ಅವಳ ಬೂಟು ಮಾತ್ರ!

ಬೂಟು ತರಿಸಿದ್ದು ಪಕ್ಕದ ಮನೆಯ ಫಕೀರಪ್ಪನವರ ಮಾತಿನ ಮೇಲೆ. ಅವರು ಸೈನ್ಯದಲ್ಲಿದ್ದು ನಿವೃತ್ತರಾದವರು.

"ಅಲ್ಲಿ ಬೂಟು ಅವರ ಕೊಡ್ತಾರವ್ವಾ. ಆದ್ರ ಈಗಿಂದಾನ ಒಂದು ಜೋಡಿ ಹಾಕ್ಕೊಂಡು ಅಡ್ಡಾಡು, ಕಾಲು ಪಳಗತಾವು. ಇಲ್ಲಾಂದ್ರ ಮೊದಲನೇ ವಾರಾನ ಬೊಬ್ಬಿ ಎದ್ದು ಕುಂಟತಿ."

"ಕುಂಟಿದ್ರ ಮನಿಗೆ ಕಳಸ್ತಾರೇನ್ರಿ ಕಾಕಾ?" ಎಂದೆ.

"ಕಳಸಿದ್ರೂ ಕಳಸ್ಯಾರು" ಎಂದು ಅವರು ನಕ್ಕರು. ಅವರು ನಕ್ಕು ಮರೆತರು. ನಾನು ನಗಲೂ ಇಲ್ಲ, ಮರೆಯಲೂ ಇಲ್ಲ. ಶಾಲೆಯ ದಿನಗಳಿಂದಲೂ ಆ ಹುಡುಗಿ ಕಂಡ ಕನಸು ಒಂದೇ. ಅದು ಒಂದು ಬೊಬ್ಬೆಯಿಂದ ಒಡೆಯಬೇಕೇ?

ಮಧ್ಯಾಹ್ನ ಗಿರಣಿಯಲ್ಲಿ ತೌಡಿನ ಬೆಚ್ಚಗಿನ ವಾಸನೆಗೆ ಕಣ್ಣು ಎಳೆಯುತ್ತದೆ. ಅಂದು ಕಿಟಕಿಯ ಬಿಸಿಲಿನಲ್ಲಿ ತೇಲುತ್ತಿದ್ದ ತೌಡಿನ ಧೂಳು ನೋಡನೋಡುತ್ತಲೇ ಹಿಮವಾಯಿತು. ಬೆಳ್ಳಗಿನ ಬೆಟ್ಟ. ಸದ್ದೇ ಇಲ್ಲ. ರೇಣುಕಾ ಒಂದು ಕಾಲನ್ನು ಎಳೆಯುತ್ತಾ ಹತ್ತುತ್ತಿದ್ದಾಳೆ. ಹಿಂದೆ ನಾನು ಲುಂಗಿ ಎತ್ತಿ ಕಟ್ಟಿ, ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು, "ತಡಿಯವ್ವಾ, ಹಚ್ತೀನಿ" ಎಂದು ಓಡುತ್ತಿದ್ದೇನೆ. ಎಚ್ಚರವಾದಾಗ ಮಾಲೀಕರು ಎದುರಿಗೆ ನಿಂತಿದ್ದರು. ನಾನು ಅವರ ಕಾಲನ್ನೇ ನೋಡುತ್ತಿದ್ದೆ!

ಸಂಜೆ ಮನೆಗೆ ಬಂದವನೇ ಬೂಟುಗಳನ್ನು ಗುಟ್ಟಾಗಿ ತಪಾಸಣೆಗೆ ಒಳಪಡಿಸಿದೆ. ಅಂದರೆ, ನನ್ನ ಕಾಲಿಗೆ ಹಾಕಿಕೊಂಡೆ. ಬಿಗಿ! ಹೆಬ್ಬೆರಳು ಅಳುವಷ್ಟು ಬಿಗಿ! ನನ್ನ ಅನುಮಾನ ಸಾಬೀತಾಯಿತು.

ಪರಿಹಾರವೂ ಕೂಡಲೇ ಹೊಳೆಯಿತು. ನಮ್ಮ ಊರಿನಲ್ಲಿ ಭತ್ತದಿಂದ ಆಗದ ಕೆಲಸವಿಲ್ಲ. ಹಿಂದೊಮ್ಮೆ ಬಕೆಟ್ಟಿಗೆ ಬಿದ್ದ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಬದುಕಿಸಿದ ಕೀರ್ತಿ ನನಗಿದೆ. ನೆನೆದ ಭತ್ತ ಉಬ್ಬುತ್ತದೆ. ಉಬ್ಬಿದ್ದು ಬೂಟನ್ನು ಹಿಗ್ಗಿಸುತ್ತದೆ. ಅಷ್ಟೇ! ಮಗಳ ಕೆಲಸಕ್ಕೆ ಕಳಪೆ ಮಾಲು ಯಾಕೆಂದು ಒಳ್ಳೆಯ ಬಿತ್ತನೆ ಭತ್ತವನ್ನೇ ತಂದೆ. ಎರಡೂ ಬೂಟುಗಳಿಗೆ ಗಿಡಿದು ತುಂಬಿ, ನೀರು ಹನಿಸಿ, ಲೇಸು ಬಿಗಿದು, ಒದ್ದೆ ಗೋಣಿಯಲ್ಲಿ ಸುತ್ತಿ ಮಾಳಿಗೆಯ ಮೂಲೆಯಲ್ಲಿ, ನೀರಿನ ಟ್ಯಾಂಕು ತೊಟ್ಟಿಕ್ಕುವ ಕಡೆ ಇಟ್ಟೆ.

ಮರುದಿನ ಹೊರಡುವ ಹೊತ್ತಿನಲ್ಲಿ ರೇಣುಕಾ ಕೇಳಿದಳು: "ಅಪ್ಪಾ, ನನ್ನ ಬೂಟು ಎಲ್ಲಿ?"

"ಪಳಗಾಕತ್ತಾವವ್ವಾ" ಎಂದೆ, ಕವಿಯಂತೆ.

ನಾವು ಹೊರಟಿದ್ದು ಬೀಗರು ಬಿಜ್ಜರನ್ನು ಕಂಡು ಬರಲು. ದೂರ ಹೋಗುವ ಮಗಳಿಗೆ ಕುಷ್ಟಗಿಯ ಅತ್ತೆ ಕರೆದು ಉಣಿಸಿ, ಮಡಿಲಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬಿದಳು. ಯಲಬುರ್ಗಾದ ಚಿಗವ್ವ ತಾನೇನು ಕಡಿಮೆ ಎಂದು ಹಿಡಿದು ಕೂರಿಸಿ ಮತ್ತೊಮ್ಮೆ ತುಂಬಿದಳು. ನಾನು ಹೋಳಿಗೆಯ ಮಂಪರಿನಲ್ಲಿ ಪರೇಡಿನ ಕನಸು ಕಾಣುತ್ತಾ ದಿನಗಳನ್ನು ತೇಲಿಬಿಟ್ಟೆ.

ವಾರದ ಮೇಲೆ ಊರಿಗೆ ಮರಳಿದ ಬೆಳಿಗ್ಗೆ ಮಾಳಿಗೆ ಹತ್ತಿ ಗೋಣಿ ಬಿಚ್ಚಿದೆ.

ಎಳೆ ಬಿಸಿಲಿನಲ್ಲಿ ಅದು ಎಷ್ಟು ಚೆಂದವಾಗಿತ್ತೆಂದರೆ, ಗಾಬರಿಯಾಗುವುದನ್ನೇ ಒಂದು ಗಳಿಗೆ ಮರೆತೆ. ಬೂಟಿನ ಬಾಯಿಂದ, ನಾಲಿಗೆಯ ಸಂದಿನಿಂದ, ಲೇಸಿನ ಒಂದೊಂದು ತೂತಿನಿಂದಲೂ ತಿಳಿಹಸಿರು ಮೊಳಕೆಗಳು! ಗಾಳಿ ಬೀಸಿದರೆ ತಲೆದೂಗುತ್ತಿದ್ದವು. ಕೆಳಗೆ ಅಟ್ಟೆಯ ಹೊಲಿಗೆ ಬಿಚ್ಚಿ, ಬಿಳಿಯ ಬೇರುಗಳು ನೆಲವನ್ನು ಹುಡುಕುತ್ತಿದ್ದವು. ನೆನೆದ ಭತ್ತ ಉಬ್ಬುತ್ತದೆ ಎಂದು ನೆನಪಿದ್ದ ಗಂಗಾವತಿಯ ಮನುಷ್ಯನಿಗೆ ಅದು ಮೊಳೆಯುತ್ತದೆ ಎಂಬುದು ಮರೆತಿತ್ತು!

ಹಿಂದೆಯೇ ಹತ್ತಿ ಬಂದ ಹೆಂಡತಿ ಗಿರಿಜಾ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಾಳೆ ಶುಕ್ರವಾರ ನನ್ನ ಮಗಳಿಗೆ ನಾ ಉಡಿ ತುಂಬಬೇಕಂತಿದ್ದೆ. ನೀವು ಬೂಟಿಗೇ ತುಂಬೀರೇನ್ರಿ?"

"ಬಿಗಿ ಇದ್ವು..."

"ಯಾರು ಹಾಕ್ಕೊಂಡು ನೋಡಿದ್ರು?"

"ನಾನ."

ಅವಳ ಬೆನ್ನಿಗೇ ಬಂದಿದ್ದ ರೇಣುಕಾ ಬಗ್ಗಿ ಒಂದು ಮೊಳಕೆಯನ್ನು ಬೆರಳಿನಿಂದ ಸವರಿದಳು. "ಅಪ್ಪಾ, ನನ್ನ ಕಾಲಿಗೆ ಬರೋಬ್ಬರಿ ಇದ್ವು. ನಿನ್ನ ಕಾಲಿಗೆ ಬಿಗಿ ಆದ್ವು ಅಂತ ನನ್ನ ಬೂಟು ಹಿಗ್ಗಿಸಿದೀ?"

ನಾನು ಗೋಣಿಯನ್ನು ಅಚ್ಚುಕಟ್ಟಾಗಿ ಮಡಚತೊಡಗಿದೆ.

ಪಕ್ಕದ ಮಾಳಿಗೆಯಿಂದ ಫಕೀರಪ್ಪನವರ ದನಿ ಬಂತು: "ರೇಣವ್ವಾ, ಬೂಟು ಹ್ವಾದ್ರ ಹ್ವಾದ್ವು! ಪಳಗಬೇಕಾದ್ದು ಕಾಲು. ಬರಿಗಾಲಲೆ ಕಾಲುವಿ ಏರಿ ಹತ್ತು. ನಿಮ್ಮಪ್ಪಗ ಹೇಳು, ನಾಟಿಗೆ ಆಳು ಬೇಕಾದ್ರ ಕಳಸ್ತೀನಿ!"

ಹೊರಡುವ ದಿನದವರೆಗೂ ಅವಳು ಪ್ರತಿ ನಸುಕಿನಲ್ಲಿ ಕಾಲುವೆ ಏರಿಯ ಗರಸು ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದಳು. ಪ್ರಾಯಶ್ಚಿತ್ತವಾಗಿ ನಾನೂ ಹಿಂದೆ ಹೋದೆ. ಸ್ಟೇಷನ್ನಿಗೆ ಕಳಿಸಲು ಹೋಗುವಾಗ ಅಪ್ಪ ಚೆನ್ನಾಗಿ ಕಾಣಲೆಂದು ಕೊಂಡಿದ್ದ ಹೊಸ ಚಪ್ಪಲಿ ನನ್ನ ಕಾಲಲ್ಲಿತ್ತು. ಗದ್ದೆಗಳ ಮೇಲೆ ಮಂಜು. ನೀರಿನ ಸದ್ದು ಮಾತ್ರ. ಅವಳು ಮುಂದೆ ಮುಂದೆ ಹೋಗುತ್ತಾ ಮೊದಲು ಸಣ್ಣವಳಾದಳು, ಆಮೇಲೆ ಮಂಜೇ ಆದಳು. ಕೂಗಿ ನಿಲ್ಲಿಸಬೇಕೆನಿಸಿತು. ಹೆಜ್ಜೆ ಬಿರುಸು ಮಾಡಿದೆ. ಹೊರಡುವ ದಿನ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡೇ ಅವಳು ರೈಲು ಹತ್ತಿದಳು.

ಅಲ್ಲಿಂದ ಮೊದಲ ಫೋನು ಬಂದಾಗ ನಾನು ಕೇಳಿದ್ದು ಒಂದೇ ಮಾತು. "ಬೊಬ್ಬಿ?"

"ಒಂದೂ ಎದ್ದಿಲ್ಲಪ್ಪಾ. ಕೊಟ್ಟ ಬೂಟು ಬರೋಬ್ಬರಿ ಆಗ್ಯಾವು. ಭತ್ತ ಹೆಂಗ ಐತಿ?"

"ಛಲೋ ಐತವ್ವಾ. ಹೂವಿನ ಕುಂಡದಾಗ ನಾಟಿ ಮಾಡೀನಿ."

"ಮತ್ತ ನೀನು?"

ನಾನು ಗಿರಿಜಾಳ ಮುಖ ನೋಡಿದೆ. ಹೊಸ ಚಪ್ಪಲಿ ಕಚ್ಚಿ ಬೊಬ್ಬೆ ಎದ್ದಿದ್ದ ನನ್ನ ಎರಡೂ ಕಾಲುಗಳಿಗೆ ಅವಳು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ತಲೆ ಎತ್ತದೆಯೇ ಫೋನಿಗೆ ಕೇಳುವಂತೆ ಹೇಳಿದಳು:

"ನಿಮ್ಮಪ್ಪ ಇನ್ನೂ ಪಳಗಿಲ್ಲವ್ವಾ. ರಾತ್ರಿಗೆ ನೆನಿಯಾಕ ಹಾಕ್ತೀನಿ!"