ತೊಗಟೆ ಬಟ್ಟೆಯ ಡಾಕ್ಟರೇಟಿಗೆ ಹನ್ನೊಂದು ಜನ ಸಹಿ ಹಾಕಿದ ಬಗ್ಗೆ

ವಿಶ್ವವಿದ್ಯಾಲಯದ ಸಂಶೋಧನಾ ಪದವಿಗಳ ಶಾಖೆ, ಸುವಾ

ಸುತ್ತೋಲೆ ಸಂಖ್ಯೆ: ಸಂಪಶಾ/ಸೃಜನ/ಮಾಸಿ/14 (ಪರಿಷ್ಕೃತ)

ವಿಷಯ: ಸೃಜನಶೀಲ ಕಲೆಗಳ ಡಾಕ್ಟರೇಟ್ ಹಾಗೂ ಶಿಷ್ಯವೇತನದ ಅರ್ಜಿಯಲ್ಲಿ ಬರುವ 'ಸ್ವಂತ ಕೃತಿ' ಎಂಬ ಪದಕ್ಕೆ ಅರ್ಥ ನಿಗದಿಪಡಿಸುವ ಕುರಿತು.

ಉಲ್ಲೇಖ: 1) ಶ್ರೀಮತಿ ವಾಸಿತಿ ರೊಕೊಮಾತು ಅವರ ಅರ್ಜಿ.
2) ಅದೇ ಅರ್ಜಿ, ಎರಡನೇ ಸಲ.
3) ಅದೇ ಅರ್ಜಿ, ಸಿಟ್ಟಿನಿಂದ.
4) ಪರಿಶೀಲನಾ ಸಮಿತಿಯ ದ್ವೀಪ ಭೇಟಿಯ ವರದಿ (ಒದ್ದೆಯಾಗಿದೆ).

ಪ್ರಸ್ತಾವನೆ:

ಇಪ್ಪತ್ತೆಂಟು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ, ಹೊರದ್ವೀಪವೊಂದರ ನಿವಾಸಿ ಶ್ರೀಮತಿ ವಾಸಿತಿ ರೊಕೊಮಾತು (55) ಅವರು ಈ ಶಾಖೆಗೆ ಡಾಕ್ಟರೇಟ್ ಅರ್ಜಿ ಸಲ್ಲಿಸಿರುತ್ತಾರೆ. ಮರದ ಒಳತೊಗಟೆಯನ್ನು ಬಡಿದು ಮಾಡುವ ಮಾಸಿ ಬಟ್ಟೆಯ ಮೇಲೆ ತಮ್ಮ ಊರಿನ ಹಳೆಯ ಚಿತ್ತಾರವನ್ನು ಮೂಡಿಸುವುದು ಮತ್ತು ಅದರ ಬಗ್ಗೆ ನಲವತ್ತು ಸಾವಿರ ಪದಗಳ ಪ್ರಬಂಧ ಬರೆಯುವುದು ಅವರ ಯೋಜನೆ. ಆ ಚಿತ್ತಾರವನ್ನು ಪೂರ್ತಿ ಬಲ್ಲವರು ಅವರ ದೊಡ್ಡಮ್ಮ ಲೋಸಾನಾ (84) ಒಬ್ಬರೇ. ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. "ನಿಮ್ಮ ಆಫೀಸು ಎಷ್ಟು ದಿನ ಬೇಕಾದ್ರೂ ತಗೊಳ್ಳಲಿ, ದೊಡ್ಡಮ್ಮನ ಕಣ್ಣು ಕಾಯಲ್ಲ" ಎಂದು ಅರ್ಜಿದಾರರು ದೂರವಾಣಿಯಲ್ಲಿ ಹೇಳಿದ್ದನ್ನು ಗಂಭೀರವಾಗಿ ಪರಿಗಣಿಸಿ, ಶಾಖೆಯು ಕೇವಲ ಹದಿನಾಲ್ಕು ತಿಂಗಳಲ್ಲಿ ತ್ವರಿತ ಕ್ರಮ ಕೈಗೊಂಡಿರುತ್ತದೆ. ಈ ಅವಧಿಯ ಅನುಭವದ ಹಿನ್ನೆಲೆಯಲ್ಲಿ ಎಲ್ಲ ಅರ್ಜಿದಾರರಿಗೆ ಹಾಗೂ ಸಿಬ್ಬಂದಿಗೆ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಮಾದರಿ ಕೃತಿಯು ಎ4 ಅಳತೆಯಲ್ಲಿ ಇರತಕ್ಕದ್ದು. ಸದರಿ ಅರ್ಜಿದಾರರು ಐದು ಮಾರು ಉದ್ದದ ಬಟ್ಟೆಯನ್ನು ಸುರುಳಿ ಸುತ್ತಿ ದೋಣಿಯಲ್ಲಿ ಕಳುಹಿಸಿದ್ದು, ಗುಮಾಸ್ತೆ ಕು. ಧನೇಶ್ವರಿ ಮುನ್‌ಸಾಮಿ ಅವರು ಅದನ್ನು ನೂರ ಹನ್ನೆರಡು ಭಾಗಗಳಲ್ಲಿ ಸ್ಕ್ಯಾನ್ ಮಾಡಿರುತ್ತಾರೆ. ಅಂದಿನಿಂದ ಯಂತ್ರದ ಗಾಜಿಗೆ ಕಂದು ಬಣ್ಣ ಹತ್ತಿದೆ. ಶಾಖೆಯ ಪತ್ರಗಳ ಅಂಚಿನಲ್ಲಿ ಹೂಬಳ್ಳಿ ಕಂಡುಬಂದಲ್ಲಿ ಅದನ್ನು ಅಧಿಕೃತ ಮೊಹರಿನ ಭಾಗವೆಂದೇ ಭಾವಿಸತಕ್ಕದ್ದು.

2. 'ಸಂಶೋಧನಾ ವಿಧಾನ' ಎಂಬ ಅಂಕಣದಲ್ಲಿ ಅರ್ಜಿದಾರರು "ಬಡಿಯುವುದು" ಎಂದು ಬರೆದಿದ್ದರು. ಐನೂರು ಪದಗಳಿಗೆ ವಿಸ್ತರಿಸಲು ಸೂಚಿಸಿದಾಗ "ಮಡಚಿ ಮತ್ತೆ ಬಡಿಯುವುದು" ಎಂದು ಉತ್ತರಿಸಿರುತ್ತಾರೆ. ಇನ್ನು ಮುಂದೆ ಒಂದೇ ಪದವನ್ನು ಐನೂರು ಸಲ ಬರೆದರೂ ಐನೂರು ಪದಗಳೆಂದೇ ಎಣಿಸಲಾಗುವುದು.

3. ಚಿತ್ತಾರದ ಅಚ್ಚುಗಳನ್ನು ಊರಿನ ದವಾಖಾನೆಯ ಹಳೆಯ ಎಕ್ಸ್‌ರೇ ಹಾಳೆಗಳಲ್ಲಿ ಕತ್ತರಿಸಿದ್ದು ಬೆಳಕಿಗೆ ಬಂದಿದೆ. ಆ ಹಾಳೆಗಳಲ್ಲಿರುವ ಮೂಳೆಗಳ ಮಾಲೀಕರ ಒಪ್ಪಿಗೆ ಪತ್ರ ಕಡ್ಡಾಯ. ಮೀನುಗಾರ ಸಿರೇಲಿ ಎಂಬುವರು "ನನ್ನ ಪಕ್ಕೆಲುಬು ಬಟ್ಟೇಲಿ ಹೂವಾದ್ರೆ ನಂಗೇನ್ರೀ ತಕರಾರು?" ಎಂದು ಲಿಖಿತವಾಗಿ ತಿಳಿಸಿದ್ದಾರೆ. ಒಂದು ಎಡ ಮೊಣಕಾಲಿನ ಮಾಲೀಕರು ಇನ್ನೂ ಪತ್ತೆಯಾಗಿಲ್ಲ. ಅದನ್ನು ಹುಡುಕಲು ಉಪಸಮಿತಿ ರಚಿಸಲಾಗಿದೆ.

4. 'ಈ ಕೃತಿಯನ್ನು ನಾನೊಬ್ಬಳೇ ಮಾಡಿರುತ್ತೇನೆ' ಎಂಬ ಘೋಷಣೆಗೆ ಒಂದೇ ಸಹಿ ಇರತಕ್ಕದ್ದು. ಅರ್ಜಿದಾರರು 'ಒಬ್ಬಳೇ' ಎಂಬುದನ್ನು ಹೊಡೆದುಹಾಕಿ, ತೊಗಟೆ ಬಡಿದ ಹನ್ನೊಂದು ಹೆಂಗಸರ ಸಹಿ ಮಾಡಿಸಿದ್ದರು. ಅರ್ಜಿಯನ್ನು ಎರಡು ಬಾರಿ ಹಿಂದಿರುಗಿಸಲಾಯಿತು. ಮೂರನೇ ಬಾರಿಗೆ ಅವರು ಹತ್ತು ಗಂಟೆ ದೋಣಿಯಲ್ಲಿ ಕುಳಿತು ಖುದ್ದಾಗಿ ಕೌಂಟರಿಗೆ ಬಂದಿರುತ್ತಾರೆ.

ಉಪಕುಲಸಚಿವರಾದ ಶ್ರೀ ಇಲಾಯಿಸಾ ಕುನಾವಾ ಅವರು, "ಟೀಚರ್, ಹೆಸರಿಗೊಂದು ಸಹಿ ಹಾಕ್ಬಿಡಿ. ಯಾರು ಬಂದು ನೋಡ್ತಾರೆ?" ಎಂದು ಸೌಹಾರ್ದಯುತವಾಗಿ ಸಲಹೆ ನೀಡಿದರು. ಅದಕ್ಕೆ ಅರ್ಜಿದಾರರು, "ಮೂರನೇ ಕ್ಲಾಸಲ್ಲಿ ಪಕ್ಕದವನ ಲೆಕ್ಕ ನೋಡಿ ಬರೆದು 'ನಾನೇ ಮಾಡಿದ್ದು ಟೀಚರ್' ಅಂದವನು ಯಾರೋ ಇಲಾಯಿಸಾ? ಅವತ್ತು ನಿನ್ನನ್ನ ಬೆಂಚಿನ ಮೇಲೆ ನಿಲ್ಲಿಸಿ, ಇವತ್ತು ಅದನ್ನೇ ನಾನು ಮಾಡ್ಲಾ? ಒಬ್ಬಳೇ ಮಾಡ್ದೆ ಅಂತ ಬರೆದುಕೊಟ್ರೆ, ನಾಳೆ ಊರಲ್ಲಿ ಯಾರ ಪಕ್ಕ ಕೂತು ಬಡೀಲಿ?" ಎಂದಿರುತ್ತಾರೆ. ಈ ಸಂದರ್ಭದಲ್ಲಿ ನಕ್ಕ ಸಿಬ್ಬಂದಿಯ ಪಟ್ಟಿ ತಯಾರಾಗುತ್ತಿದೆ.

5. ಬಳಿಕ ಅರ್ಜಿದಾರರು "ಹಾಗಾದ್ರೆ ನಿಮ್ಮ ಪದವಿನೂ ಬೇಡ, ಶಿಷ್ಯವೇತನವೂ ಬೇಡ" ಎಂದು ಅರ್ಜಿಯನ್ನು ಹಿಂಪಡೆದರು. ಮಧ್ಯಾಹ್ನದವರೆಗೆ ಹೊರಗಿನ ಬೆಂಚಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದು, ಬುತ್ತಿಯ ಮರಗೆಣಸನ್ನು ಮುಟ್ಟದೇ ಇದ್ದುದನ್ನು ಕು. ಮುನ್‌ಸಾಮಿ ಗಮನಿಸಿರುತ್ತಾರೆ. ದುಃಖಕ್ಕೆ ಸಂಬಂಧಿಸಿದ ನಮೂನೆ ಶಾಖೆಯಲ್ಲಿ ಲಭ್ಯವಿಲ್ಲದ ಕಾರಣ ಚಹಾ ನೀಡಲಾಯಿತು. "ಮೇಡಂ, ಅರ್ಜಿ ನನ್ನ ಹತ್ರ ಬಿಟ್ಟು ಹೋಗಿ. ನಾನು ನೋಡ್ಕೋತೀನಿ" ಎಂದು ಸದರಿ ಗುಮಾಸ್ತೆಯು ಅಧಿಕಾರ ವ್ಯಾಪ್ತಿ ಮೀರಿ ಭರವಸೆ ಕೊಟ್ಟಿದ್ದು, ಈ ಬಗ್ಗೆ ಕಾರಣ ಕೇಳಿ ನೋಟಿಸು ನೀಡಲಾಗಿದೆ. "ಅವರು ಹಾಗೆ ಕೂತಿದ್ದನ್ನ ನೋಡೋಕಾಗ್ಲಿಲ್ಲ ಸಾರ್" ಎಂಬ ಉತ್ತರವನ್ನು ಅಂಗೀಕರಿಸಲಾಗಿದೆ.

6. ಹೀಗೆ ಗುಮಾಸ್ತೆಯ ಬಳಿ ಉಳಿದ ಅರ್ಜಿಯ ಮೇರೆಗೆ, ಯಾರು ಎಷ್ಟು ಕೆಲಸ ಮಾಡಿದ್ದಾರೆಂಬುದನ್ನು ಸ್ಥಳದಲ್ಲೇ ಅಳೆಯಲು ಕಲಾ ವಿಭಾಗದ ಪ್ರೊ. ಹೆಟ್ಟಿ ವಿಂಟರ್‌ಬರ್ನ್, ಶ್ರೀ ಕುನಾವಾ ಹಾಗೂ ಕು. ಮುನ್‌ಸಾಮಿ ಅವರನ್ನೊಳಗೊಂಡ ಸಮಿತಿಯು ದ್ವೀಪಕ್ಕೆ ತೆರಳಿತು. "ನಿಂತು ನೋಡೋಕೆ ಇದೇನು ರಗ್ಬಿನಾ? ಕೂತ್ಕೊಳ್ಳಿ" ಎಂದು ಲೋಸಾನಾ ಅವರು ಮೂವರಿಗೂ ಬಡಿಯುವ ಮರದ ಕೊಡತಿ ಒಂದೊಂದು ಕೊಟ್ಟ ಕಾರಣ ಸಮಿತಿಯು ಕುಳಿತು ಬಡಿಯಬೇಕಾಯಿತು. ಶ್ರೀ ಕುನಾವಾ ಅವರ ಮೂರನೇ ಏಟಿಗೆ ಬಟ್ಟೆ ತೂತಾಗಿರುತ್ತದೆ. ಪಕ್ಕದ ಹೆಂಗಸು ಗಂಜಿ ಹಚ್ಚಿ, ತುಂಡು ತೊಗಟೆ ಇಟ್ಟು, ಎರಡು ಏಟು ಹಾಕಿ ಸರಿಮಾಡಿದರು. ಒಣಗಿದ ನಂತರ ಎರಡು ಗಂಟೆ ಕಾಲ ಭೂತಗನ್ನಡಿ ಹಿಡಿದು ಹುಡುಕಿದರೂ ಆ ತೇಪೆ ಸಮಿತಿಗೆ ಸಿಗಲಿಲ್ಲ. ವರದಿಯ ಒಟ್ಟು ಸಾರಾಂಶ: 'ತಿಳಿಯದು'.

7. ಆದುದರಿಂದ ಘೋಷಣೆಯನ್ನು 'ಈ ಕೃತಿಯನ್ನು ನಾನು ಮಾಡಿರುತ್ತೇನೆ. ನನ್ನ ಜೊತೆ ಕೂತವರು ಇವರು' ಎಂದು ತಿದ್ದಲಾಗಿದೆ. ಶ್ರೀಮತಿ ವಾಸಿತಿ ಅವರಿಗೆ ಮೂರು ವರ್ಷಗಳ ಶಿಷ್ಯವೇತನ ಮಂಜೂರಾಗಿದೆ. ಯೋಜನೆಯ ಏಕೈಕ ಆಕರವು ಲೋಸಾನಾ ಅವರ ಕಣ್ಣುಗಳೇ ಆಗಿರುವುದರಿಂದ, ಪೊರೆಯ ಶಸ್ತ್ರಚಿಕಿತ್ಸೆಯನ್ನು 'ಉಪಕರಣ ದುರಸ್ತಿ' ಶೀರ್ಷಿಕೆಯಡಿ ಭರಿಸಲಾಗಿದೆ.

8. ಕಣ್ಣಿನ ಪಟ್ಟಿ ಬಿಚ್ಚಿದ ದಿನವೇ ಲೋಸಾನಾ ಅವರು ಬಟ್ಟೆಯನ್ನು ಬಿಸಿಲಿಗೆ ಹಿಡಿದು, "ಅಯ್ಯೋ ವಾಸಿತಿ, ಈ ಗೆರೆಯೆಲ್ಲಾ ಸೊಟ್ಟ ಕಣೇ! ಹೊಸ ತೊಗಟೆ ತಗೊಂಡು ಮೊದಲಿಂದ ಶುರು ಮಾಡು" ಎಂದಿರುತ್ತಾರೆ. ಅರ್ಜಿದಾರರು ಮೊದಲು ಅತ್ತು, ಆಮೇಲೆ ನಕ್ಕು, ಸಂಜೆಯೊಳಗೆ ಹೊಸ ತೊಗಟೆಗಾಗಿ ಗಿಡ ನೆಟ್ಟಿರುತ್ತಾರೆ. ಗಿಡ ಬೆಳೆಯಲು ಬೇಕಾದ ಒಂದು ವರ್ಷವನ್ನು ಸಂಶೋಧನಾ ಅವಧಿಗೆ ಸೇರಿಸಲಾಗಿದೆ. ಬೇಗ ಬೆಳೆಯುವಂತೆ ಗಿಡಕ್ಕೆ ಜ್ಞಾಪನಾ ಪತ್ರ ಕಳುಹಿಸತಕ್ಕದ್ದಲ್ಲ.

9. ಕೃತಿಯಲ್ಲಿ ಕೈ ಇರುವವರು ಅದನ್ನು ಮೌಲ್ಯಮಾಪನ ಮಾಡುವಂತಿಲ್ಲ. ಸಮಿತಿಯ ಮೂವರೂ ತೊಗಟೆ ಬಡಿದಿರುವುದರಿಂದ ಅನರ್ಹರಾಗಿರುತ್ತಾರೆ. ಈ ಬಗ್ಗೆ ಮೂವರಲ್ಲಿ ಯಾರೂ ವಿಷಾದ ವ್ಯಕ್ತಪಡಿಸಿಲ್ಲ.

ಇದು ಓದಿದ ಕ್ಷಣದಿಂದ ಜಾರಿಗೆ ಬರುತ್ತದೆ, ಓದದವರಿಗೂ ಅನ್ವಯಿಸುತ್ತದೆ.

(ಸಹಿ)
ಎಸ್. ವೇರೆಬಾಸಾಂಗಾ
ಪ್ರಭಾರ ಉಪಕುಲಸಚಿವರು
(ಮೂಲ ಹುದ್ದೆ: ವಾಹನ ನಿಲುಗಡೆ ಶಾಖೆ)

ಪ್ರತಿಗಳು:
1. ಶ್ರೀಮತಿ ವಾಸಿತಿ ರೊಕೊಮಾತು ಅವರಿಗೆ.
2. ಹನ್ನೊಂದು ಸಹಿದಾರರಿಗೆ, ಒಟ್ಟಾಗಿ ಒಂದು ಪ್ರತಿ. ಹಂಚಿಕೊಳ್ಳುವುದು ಹೇಗೆಂದು ಅವರಿಗೆ ತಿಳಿಸುವ ಅಗತ್ಯ ಕಂಡುಬಂದಿಲ್ಲ.
3. ಎಡ ಮೊಣಕಾಲು ಉಪಸಮಿತಿಗೆ.
4. ದೋಣಿಯ ಕ್ಯಾಪ್ಟನ್‌ಗೆ: ಶುಕ್ರವಾರದ ದೋಣಿಯಲ್ಲಿ ಪ್ರೊ. ವಿಂಟರ್‌ಬರ್ನ್, ಶ್ರೀ ಕುನಾವಾ, ಕು. ಮುನ್‌ಸಾಮಿ ಅವರಿಗೆ ಸೀಟು ಕಾದಿರಿಸಲು. ಪ್ರಯಾಣದ ಉದ್ದೇಶ ತಿಳಿಸಿಲ್ಲ. ರಜೆ ಮಂಜೂರಾಗಿದೆ.