ಮೂರರ ಚೀಟಿ

ಕಾರ್ಖಾನೆಯಲ್ಲಿ ಎಲ್ಲರೂ ‘ಅಡಿಪಟ್ಟಿ’ ಎಂದು ಕರೆಯುತ್ತಿದ್ದ ಅಳತೆಗಾರ ಆ ಬೆಳಿಗ್ಗೆ ಮಾಡಬಾರದ ಕೆಲಸವೊಂದನ್ನು ಮಾಡಿದ. ಹೊಸ ಕಂಪ್ಯೂಟರ್ ಚಿಪ್ಪನ್ನು ನಿಜವಾಗಿಯೂ ಅಳೆದುಬಿಟ್ಟ.

ಪೆಟ್ಟಿಗೆಯ ಮೇಲೆ ‘ಮೂರು ನ್ಯಾನೋಮೀಟರ್’ ಎಂಬ ಚೀಟಿ ಮಿಂಚುತ್ತಿತ್ತು. ಒಳಗಿನ ಗೆರೆ ಸಣ್ಣದಾದಷ್ಟೂ ಚಿಪ್ಪಿಗೆ ಬೆಲೆ ಜಾಸ್ತಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ಮೂಲೆಮೂಲೆ ತಡಕಿದರೂ ಚಿಪ್ಪಿನೊಳಗೆ ಮೂರರ ಸುಳಿವಿಲ್ಲ. ಎಲ್ಲಕ್ಕಿಂತ ಸಣ್ಣ ಗೆರೆಯೇ ಹನ್ನೆರಡು! ಪುಣ್ಯಾತ್ಮ ವರದಿಯಲ್ಲೂ ಹಾಗೇ ಬರೆದ.

ಅವನಿಗೆ ಅಂದೇ ಬಡ್ತಿ ಸಿಗುವುದಿತ್ತು. ಹನ್ನೊಂದು ವರ್ಷ ಕಾರಿಡಾರಿನ ತುದಿಯಲ್ಲಿ ಮುಕ್ಕಾಲಿಯ ಮೇಲೆ ಕೂತು ಸೊಂಟ ಹಿಡಿದವನಿಗೆ ಕಿಟಕಿಯಿರುವ ಕೊಠಡಿ, ಕೈಯಿರುವ ಕುರ್ಚಿ ಕೊಡುವುದಾಗಿ ಮಾತಾಗಿತ್ತು. ಆ ಕುರ್ಚಿಗೆಂದು ಹೆಂಡತಿ ಮೆತ್ತೆಯನ್ನೂ ಹೊಲಿದು ಕಳಿಸಿದ್ದಳು.

ಊಟದ ಹೊತ್ತಿಗೆ ಸುದ್ದಿ ಹಬ್ಬಿತು. “ನಮ್ಮ ಚಿಪ್ಪನ್ನ ನಾಲ್ಕು ಪಟ್ಟು ಊದಿಸಿಬಿಟ್ಟಿದಾನಂತೆ!”

ಚೀಟಿ ಅಂಟಿಸುವ ವಿಭಾಗದ ಅಕ್ಕ ತಟ್ಟೆ ಸಮೇತ ಬಂದಳು. “ಅಲ್ಲಪ್ಪಾ, ನನ್ನ ಚಪ್ಪಲಿ ಮೇಲೆ ಆರು ಅಂತಿದೆ. ಆರು ಏನು ಅಂತ ಯಾವತ್ತಾದ್ರೂ ಕೇಳಿದೀನಾ? ಕಾಲಿಗೆ ಸರಿಹೋದ್ರೆ ಸಾಕು.”

ಅಷ್ಟರಲ್ಲಿ ಮ್ಯಾನೇಜರ್ ಕರೆ ಬಂತು.

“ಐದು ಅಂತ ಮಾರಿದ ಹಳೇ ಚಿಪ್ಪಲ್ಲಿ ಐದು ಇತ್ತೇನ್ರೀ?”

“ಇರ್ಲಿಲ್ಲ ಸಾರ್.”

“ಮತ್ತೆ? ಪಕ್ಕದ ಕಂಪನಿಯವ್ರು ಮೂರು ಅಂತಿದಾರೆ. ನಾವು ಹನ್ನೆರಡು ಅಂದ್ರೆ ಯಾರ್ರೀ ಮೂಸಿ ನೋಡ್ತಾರೆ? ಅದು ಅಳತೆ ಅಲ್ಲ, ಬರೀ ಹೆಸರು! ನಾಲ್ಕು ಗಂಟೆಗೆ ಗಿರಾಕಿಗಳು ಬರ್ತಾರೆ. ವರದಿ ತಿದ್ದಿ, ಇಲ್ಲಾಂದ್ರೆ ಬಡ್ತಿ ಮರೆತುಬಿಡಿ.”

ಅಡಿಪಟ್ಟಿ ಹನ್ನೆರಡನ್ನು ಹೊಡೆದುಹಾಕಿ ಮೂರು ಎಂದು ಬರೆದ. ಹನ್ನೊಂದು ವರ್ಷದಲ್ಲಿ ಅವನು ಕೈಯಾರೆ ಬರೆದ ಮೊದಲ ಸುಳ್ಳು ಅದೇ. ಅವನಿಗೆ ನಾಚಿಕೆಯಾಯಿತು, ಸೊಂಟಕ್ಕೆ ಮಾತ್ರ ಸಮಾಧಾನವಾಯಿತು.

ಗಿರಾಕಿಗಳು ಬಂದರು, ಮೂರನ್ನು ಓದಿದರು, ಚಪ್ಪಾಳೆ ತಟ್ಟಿ ಹೋದರು. ಐದು ಗಂಟೆಗೆ ಆದೇಶ ಕೈಸೇರಿತು: ‘ಪ್ರಧಾನ ಅಳತೆ ಅಧಿಕಾರಿ’. ಅವನು ಮೆತ್ತೆಯನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದ.

“ಸಾರ್, ನನ್ನ ಕೊಠಡಿ?”

“ಬನ್ನಿ ಬನ್ನಿ” ಎಂದು ಮ್ಯಾನೇಜರ್ ಅವನ ಹೆಗಲ ಮೇಲೆ ಕೈಹಾಕಿ ಕರೆದೊಯ್ದರು. ಕಾರಿಡಾರ್ ಮುಗಿಯಿತು. ತುದಿಯ ಗೋಡೆಗೆ ಹೊಸ ಬೋರ್ಡು: ‘ಪ್ರಧಾನ ಅಳತೆ ಅಧಿಕಾರಿಯ ಕೊಠಡಿ’. ಅದರ ಕೆಳಗೆ ಅದೇ ಮುಕ್ಕಾಲಿ. ಅದಕ್ಕೂ ಅಕ್ಕ ಒಂದು ಚೀಟಿ ಅಂಟಿಸಿದ್ದಳು: ‘ಕುರ್ಚಿ’.

ಅಡಿಪಟ್ಟಿ ಇಂಗು ತಿಂದ ಮಂಗನಂತೆ ನಿಂತ. “ಸಾರ್, ಇದಕ್ಕೆ ಕೈ ಎಲ್ಲಿದೆ? ಕಿಟಕಿ ಎಲ್ಲಿದೆ?”

“ನೋಡಿ, ಮತ್ತೆ ಅಳೆಯೋಕೆ ಶುರು ಮಾಡಿದ್ರಿ!”