ದಂಡನಾಯಕರ ರಜೆ, ತಕ್ಕಡಿ ಸಾಹೇಬರ ಸಜೆ

ಸರ್ಕಾರಕ್ಕೆ ಮಾಡಲು ಬೇರೆ ಕೆಲಸವಿರಲಿಲ್ಲವೋ ಏನೋ, ಹೋಗಿ ಹೋಗಿ ತಕ್ಕಡಿ ಸಾಹೇಬರ ಸಂಸಾರಕ್ಕೇ ಕೈ ಹಾಕಿತು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿಯ ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ಬಾಗಿಲಲ್ಲೇ ನಿಂತು ಹಿಡಿಯುತ್ತಿದ್ದರು. ಆದರೆ ತಾರೀಖು ಎಂಬ ಪದಾರ್ಥ ಮಾತ್ರ ಅವರ ತಲೆಯಲ್ಲಿ ನಿಂತರೆ ತೂತು ಮಡಕೆಯಲ್ಲಿ ನೀರು ನಿಂತಂತೆ. (ಹೆಂಡತಿಯ ಹುಟ್ಟುಹಬ್ಬ ಯಾವತ್ತು ಎಂದರೆ "ಚಳಿಗಾಲ" ಎನ್ನುತ್ತಿದ್ದರು.) ಹಾಗಿದ್ದೂ ಮದುವೆಯ ದಿನವನ್ನು ಒಂದು ವರ್ಷವೂ ಮರೆತವರಲ್ಲ. ಅದರ ಕೀರ್ತಿಯೆಲ್ಲ ಮಹಾದಂಡನಾಯಕರಿಗೆ ಸಲ್ಲಬೇಕು. ಹಿಂದೆಂದೋ ಸೇತುವೆಯ ಯುದ್ಧ ಗೆದ್ದ ಆ ಪುಣ್ಯಾತ್ಮನ ಜಯಂತಿಗೆ ಊರಿಗೆಲ್ಲ ರಜೆ. ಆ ರಜೆಯಲ್ಲೇ ಮದುವೆ ಇಟ್ಟುಕೊಂಡದ್ದು ತಮ್ಮ ಬಾಳಿನ ಏಕೈಕ ಜಾಣತನ ಎಂದು ಸಾಹೇಬರು ಕೊಚ್ಚಿಕೊಳ್ಳುತ್ತಿದ್ದರು. ಆಫೀಸಿಗೆ ಬೀಗ ಬಿತ್ತೆಂದರೆ ಇವರು ಹೂವಿನಂಗಡಿಗೆ ಓಟ.

ಈಗ ನೋಡಿದರೆ ಪೇಪರಿನಲ್ಲಿ ಸುದ್ದಿ. ದಂಡನಾಯಕರು ಸೇತುವೆಗೆ ಬಂದದ್ದೇ ಯುದ್ಧ ಮುಗಿದ ಮೇಲಂತೆ. ಬಂದವರು ಸುಮ್ಮನೆ ಹೋಗದೆ ಊರಿನ ಕಣಜಗಳಿಗೆ ಬೆಂಕಿ ಇಟ್ಟರಂತೆ. ಆದ್ದರಿಂದ ಅವರ ರಜೆ ರದ್ದು ಮಾಡಿ, ಸಾಂಕ್ರಾಮಿಕದ ಕಾಲದಲ್ಲಿ ಊರು ಬಿಡದೆ ರೋಗಿಗಳನ್ನು ನೋಡಿಕೊಂಡ ಒಬ್ಬ ವೈದ್ಯೆಯ ಹೆಸರಲ್ಲಿ ಬೇರೆ ತಿಂಗಳಲ್ಲಿ ರಜೆ ಕೊಡುವ ಆಲೋಚನೆಯಂತೆ. ಇದಕ್ಕೊಂದು ಆಯೋಗ ಕೂರುತ್ತದಂತೆ, ಪುರಭವನದಲ್ಲಿ ಅದರ ಮುಂದೆ ಸಾರ್ವಜನಿಕರು ಅಭಿಪ್ರಾಯ ಹೇಳಬಹುದಂತೆ.

ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ, "ಸರಿಯಾಗೇ ಇದೆ. ಊರು ಸುಟ್ಟವನಿಗೆ ರಜೆ, ಊರು ಉಳಿಸಿದವಳಿಗೆ ಒಂದು ಬೀದಿದೀಪಾನೂ ಇಲ್ಲ" ಎಂದಳು.

"ಇತಿಹಾಸ ನಿಂಗೇನೇ ಗೊತ್ತು?"

"ನಿಮಗೆ ಗೊತ್ತಲ್ಲ, ಹೇಳಿ. ದಂಡನಾಯಕರ ಕುದುರೆ ಬಣ್ಣ ಯಾವುದು?"

"ಕಂಚು" ಎಂದರು ಸಾಹೇಬರು. (ವೃತ್ತದಲ್ಲಿದ್ದ ಪ್ರತಿಮೆ ಬಿಟ್ಟರೆ ಅವರು ಬೇರೆ ಕುದುರೆ ನೋಡಿರಲಿಲ್ಲ.)

ಮಾರ್ಕೆಟ್ಟಿನಲ್ಲಿ ದಿಢೀರ್ ತಪಾಸಣೆ ಇದೆ ಎಂದು ಸುಳ್ಳು ಹೇಳಿ, ಸಾಹೇಬರು ಪುರಭವನಕ್ಕೆ ಹೋದರು. ಆಯೋಗದ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ಸಾಹೇಬರು ಮೈಕು ಹಿಡಿದು, "ದಂಡನಾಯಕರು ನಮ್ಮ ನಾಡಿನ ಬೆನ್ನೆಲುಬು, ಪಕ್ಕೆಲುಬು, ಸಕಲ ಎಲುಬು!" ಎಂದು ಗರ್ಜಿಸಿದರು.

"ನಿಮ್ಮ ಹತ್ರ ಆಧಾರ ಏನಿದೆ?"

"ಭಕ್ತಿ ಇದೆ."

"ಯಾವ ಯುದ್ಧ ಗೆದ್ರು ಹೇಳಿ?"

"ಇದ್ದಬದ್ದದ್ದೆಲ್ಲಾ."

ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು. "ನೋಡಿ, ನಿಜ ಹೇಳಿ. ಈ ರಜೆ ನಿಮಗ್ಯಾಕೆ ಬೇಕು?"

ಸಾಹೇಬರ ಎಲುಬುಗಳೆಲ್ಲ ಕರಗಿದವು. "ನನ್ನ ಮದುವೆ ಆದದ್ದು ಆ ದಿನ, ಅಮ್ಮಾ. ರಜೆ ಹೋದ್ರೆ ನಂಗೆ ನೆನಪಾಗಲ್ಲ. ನೆನಪಾಗ್ದೇ ಇದ್ರೆ…" ಸಭೆಯಲ್ಲಿದ್ದ ಗಂಡಸರೆಲ್ಲ ತಮ್ಮ ಮನೆಯಲ್ಲೇ ಸಾವಾದಂತೆ ತಲೆ ತಗ್ಗಿಸಿದರು.

ವೈದ್ಯೆಯ ಪರ ಮಾತಾಡಲು ಬಂದ ನರ್ಸುಗಳು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವರಲ್ಲೊಬ್ಬಳು ಎದ್ದು ನಿಂತಳು. "ಆ ದಿನ ಅಲ್ಲ ಮೇಡಂ. ಅದರ ಮಾರನೇ ದಿನ."

"ಅದು ನಿಮಗೆ ಹೇಗೆ ಗೊತ್ತು?"

"ಮದುವೆಗೆ ನಾನೂ ಹೋಗಿದ್ದೆ. ಹೆಣ್ಣು ನಾನೇ."

ಪುರಭವನದ ಚಾವಣಿ ಹಾರಿಹೋಗುವಂತೆ ಜನ ನಕ್ಕರು. ದಂಡನಾಯಕರ ರಜೆ ಅಲ್ಲೇ ಮಣ್ಣುಪಾಲಾಯಿತು.

ಮನೆಗೆ ನಡೆದು ಬರುವಾಗ ಸಾಹೇಬರು ಕೇಳಿದರು, "ಇಷ್ಟು ವರ್ಷ ಯಾಕೇ ಬಾಯಿ ಬಿಡ್ಲಿಲ್ಲ?"

"ರಜೆ ದಿನ ನೆಂಟರು ಬಂದಿಳಿದ್ರು, ಮದುವೆ ಮಾರನೇ ದಿನ ಆಯ್ತು. ಮೊದಲನೇ ವರ್ಷವೇ ಹೇಳೋಣ ಅಂತಿದ್ದೆ. ನೀವು ಹೂವು ಹಿಡ್ಕೊಂಡು ಹಲ್ಲು ಬಿಡ್ತಾ ನಿಂತಿದ್ರಿ. ಒಂದು ದಿನ ಮುಂಚೇನೇ ನೆನಪು ಮಾಡ್ಕೊಳ್ಳೋ ಗಂಡನ್ನ ಯಾವಳು ಬೈತಾಳೆ?"

ಅವಳು ಬೈದಿದ್ದರೂ ಸಾಹೇಬರಿಗೆ ಇಷ್ಟು ನೋಯುತ್ತಿರಲಿಲ್ಲ. ಕಂಡವರ ತಕ್ಕಡಿಗೆ ದಂಡ ಹಾಕುವ ತಾವು ಸ್ವಂತ ಹೆಂಡತಿಗೆ ವರ್ಷವರ್ಷವೂ ಒಂದು ದಿನ ತಪ್ಪಾಗಿ ಅಳೆದುಕೊಟ್ಟಿದ್ದರಲ್ಲ! ಮುಂದಿನ ವರ್ಷ ಪ್ರಾಣ ಹೋದರೂ ಸರಿ, ಸರಿಯಾದ ದಿನವೇ ಎಂದು ಶಪಥ ಮಾಡಿದರು.

ಶಪಥದಂತೆ ನಡೆದೂಬಿಟ್ಟರು. ದಂಡನಾಯಕರ ಹಳೆಯ ದಿನ ಬಂತು. ಈಗ ಅದು ಮಾಮೂಲಿ ಕೆಲಸದ ದಿನ. "ಇವತ್ತಲ್ಲ, ನಾಳೆ" ಎಂದು ಬೀಗುತ್ತ ಸಾಹೇಬರು ಸಂಜೆ ಕಳೆಯುವವರೆಗೂ ತಕ್ಕಡಿ ತಪಾಸಣೆ ಮಾಡಿದರು. ಮನೆಗೆ ಬಂದಾಗ ಹೆಂಡತಿ ಹೊಸ ಬಟ್ಟೆ ಉಟ್ಟಿದ್ದಳು, ಊಟ ಆರಿ ತಣ್ಣಗಾಗಿತ್ತು. ಆಸ್ಪತ್ರೆಯಲ್ಲೇನೋ ಸಮಾರಂಭವಿರಬೇಕು ಎಂದುಕೊಂಡು ಉಂಡು ಮಲಗಿದರು.

ಮರುದಿನ ಬೆಳಗ್ಗೆ ತೋಳಿನ ತುಂಬ ಹೂವು ತಂದು, "ಇವತ್ತು! ಕರೆಕ್ಟಾಗಿ ಇವತ್ತು!" ಎಂದು ಬಾಗಿಲಲ್ಲಿ ನಿಂತರು.

ಹೆಂಡತಿ ಕೈ ಚಾಚಲಿಲ್ಲ. "ನಿನ್ನೆ ಎಲ್ಲಿ ಹಾಳಾಗಿ ಹೋಗಿದ್ರಿ?"

"ನಿನ್ನೆ ಅಲ್ವಲ್ಲೇ! ನೀನೇ ತಾನೇ ಪುರಭವನದಲ್ಲಿ…"

"ಮದುವೆ ಆಗಿದ್ದು ಇವತ್ತು ಅಂದೆ. ಹೂವು ತರೋದು ಇವತ್ತು ಅಂದ್ನಾ? ಇಷ್ಟು ವರ್ಷದಿಂದ ಆ ದಿನಾನೇ ನನ್ನ ದಿನ ಆಗೋಗಿದೆ. ನಿನ್ನೆ ಕೆಲಸಕ್ಕೆ ರಜೆ ಹಾಕಿ ಬಾಗಿಲು ನೋಡ್ತಾ ಕೂತಿದ್ದೆ. ಸರ್ಕಾರ ರದ್ದು ಮಾಡ್ತು ಅಂತ ನೀವೂ ರದ್ದು ಮಾಡೋದೇನ್ರೀ?"

ಸಾಹೇಬರು ಹೂವನ್ನು ಇನ್ನಷ್ಟು ಮುಂದಕ್ಕೆ ಚಾಚಿದರು. ಅವಳು ಹೂವನ್ನೊಮ್ಮೆ ಮೂಸಿ ನೋಡಿದಳು.

"ಇದಾದ್ರೂ ನಿನ್ನೇದಾ?"

ತಾಜಾ ಮಾಲು ಕೊಟ್ಟದ್ದಕ್ಕಾಗಿ ಒಬ್ಬ ಅಂಗಡಿಯವನನ್ನು ಸಾಹೇಬರು ಮನಸಾರೆ ಶಪಿಸಿದ್ದು ಜೀವಮಾನದಲ್ಲಿ ಅದೇ ಮೊದಲು.